ಫೈಲ್ ಎಲ್ಲಿಗೆ ಹೋಯಿತು?

ಬಿಸಿಎ ಇರಲಿ, ಬಿಎಸ್ಸಿ ಇರಲಿ, ಎಂಜಿನಿಯರಿಂಗ್ ಇರಲಿ, ಆಪರೇಟಿಂಗ್ ಸಿಸ್ಟಂ ಎಂಬ ಪತ್ರಿಕೆಯಲ್ಲಿ ಒಂದು ಲೆಕ್ಕ ಬರುವುದು ಹೆಚ್ಚುಕಡಿಮೆ ಖಾತ್ರಿ. ನಾಲ್ಕೈದು ಪ್ರೊಸೆಸ್‌ಗಳು, ಅವು ಬಂದ ಹೊತ್ತು, ಪ್ರತಿಯೊಂದಕ್ಕೂ ಬೇಕಾದ ಸಿಪಿಯು ಸಮಯ ಕೊಟ್ಟಿರುತ್ತಾರೆ. ರೌಂಡ್ ರಾಬಿನ್ ಪದ್ಧತಿಯಲ್ಲಿ ಗ್ಯಾಂಟ್ ಚಾರ್ಟ್ ಬರೆದು ಸರಾಸರಿ ಕಾಯುವ ಅವಧಿ ಕಂಡುಹಿಡಿಯಬೇಕು. ಅದು ಮುಗಿಯಿತೆಂದರೆ ಬ್ಯಾಂಕರ್ಸ್ ಅಲ್ಗಾರಿದಂ ಕಾದಿರುತ್ತದೆ. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1960ರ ದಶಕದಲ್ಲಿ ರೂಪಿಸಿದ ಈ ಸೂತ್ರ ಸೊಗಸಾದದ್ದೇ, ಆದರೆ ನಮ್ಮ ಮೇಜಿನ ಮೇಲಿರುವ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಅದನ್ನು ನಂಬಿ ನಡೆಯುವುದಿಲ್ಲ. ಕೋಷ್ಟಕ ತುಂಬಿ ಹತ್ತಕ್ಕೆ ಹತ್ತು ಅಂಕ ಪಡೆದ ವಿದ್ಯಾರ್ಥಿಗೆ, ಲ್ಯಾಬಿನ ಸಿಸ್ಟಂ ಹ್ಯಾಂಗ್ ಆದಾಗ ಯಾವ ಪ್ರೊಸೆಸ್ ಮೆಮೊರಿಯನ್ನು ನುಂಗುತ್ತಿದೆ ಎಂದು ನೋಡಬೇಕೆಂದು ತೋಚುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿಯುತ್ತಾನೆ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪಾಠವೂ ನಮ್ಮಲ್ಲಿದೆ. ಅದರ ಹೆಸರು ಕಂಪ್ಯೂಟರ್ ಬೇಸಿಕ್ಸ್. ಅಲ್ಲಿ ಸ್ಟಾರ್ಟ್ ಬಟನ್ ಒತ್ತಿ, ಆಲ್ ಪ್ರೋಗ್ರಾಮ್ಸ್‌ಗೆ ಹೋಗಿ, ಆಕ್ಸೆಸರೀಸ್‌ನಲ್ಲಿ ನೋಟ್‌ಪ್ಯಾಡ್ ತೆರೆಯುವ ಹೆಜ್ಜೆಗಳನ್ನು ರೆಕಾರ್ಡ್ ಬುಕ್ಕಿನಲ್ಲಿ ಕೈಬರಹದಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಇಂಟರ್ನಲ್ಸ್ ಅಂಕ ಬರುತ್ತದೆ. ಒಂದು ಪಾಠ ಯಂತ್ರವನ್ನು ಮುಟ್ಟುವುದೇ ಇಲ್ಲ, ಇನ್ನೊಂದು ಮುಟ್ಟುತ್ತದೆ ಆದರೆ ಯಂತ್ರ ಏನು ಮಾಡುತ್ತಿದೆ ಎಂದು ಕೇಳುವುದಿಲ್ಲ.

ಇವೆರಡರ ನಡುವೆ ಖಾಲಿ ಬಿದ್ದಿರುವ ಜಾಗದಲ್ಲಿ ಒಂದು ಕೋರ್ಸ್ ಬೇಕು ಎಂಬುದು ನನ್ನ ವಾದ: ಆಪರೇಟಿಂಗ್ ಸಿಸ್ಟಂ ಬಳಸುವುದನ್ನೇ ಗಂಭೀರವಾಗಿ ಕಲಿಸುವ, ಪದವಿಯ ಮೊದಲ ವರ್ಷದಲ್ಲೇ ಬರುವ, ಕಂಪ್ಯೂಟರ್ ಸೈನ್ಸ್ ಓದದವರಿಗೂ ತೆರೆದಿರುವ ಕೋರ್ಸ್. ಅದರ ವಸ್ತು ನಾಲ್ಕೇ ನಾಲ್ಕು. ಫೈಲ್ ಎಂದರೇನು ಮತ್ತು ಅದು ಎಲ್ಲಿರುತ್ತದೆ, ಅದರ ಮೇಲೆ ಯಾರಿಗೆ ಯಾವ ಹಕ್ಕು, ಈ ಹೊತ್ತಿನಲ್ಲಿ ಯಂತ್ರದಲ್ಲಿ ಏನೇನು ಓಡುತ್ತಿದೆ, ಒಂದು ಪ್ರೋಗ್ರಾಂ ಕೊಟ್ಟದ್ದನ್ನು ಇನ್ನೊಂದಕ್ಕೆ ಹೇಗೆ ಉಣಿಸುವುದು. ಇದನ್ನು ಕಲಿಸಲು, ಕಮಾಂಡು ಟೈಪ್ ಮಾಡಿ ಕೆಲಸ ಮಾಡಿಸುವ ಲಿನಕ್ಸ್‌ನ ಟರ್ಮಿನಲ್‌ಗಿಂತ ಒಳ್ಳೆಯ ಜಾಗ ನನಗೆ ಕಾಣುತ್ತಿಲ್ಲ.

ಹದಿನೆಂಟರ ಹುಡುಗ ಹುಡುಗಿಯರಿಗೆ ಇದನ್ನು ಹೊಸದಾಗಿ ಕಲಿಸಬೇಕೇ, ಅವರು ಮೊಬೈಲ್ ಹಿಡಿದೇ ಬೆಳೆದವರಲ್ಲವೇ ಎಂದು ಕೇಳುವವರಿದ್ದಾರೆ. ತೊಡಕು ಇರುವುದು ಅಲ್ಲೇ. ಮೊಬೈಲ್ ಫೈಲನ್ನು ಬೇಕೆಂದೇ ಮರೆಮಾಡುತ್ತದೆ. ಫೋಟೋ ಗ್ಯಾಲರಿಯಲ್ಲಿ 'ಇದೆ', ಅಂಕಪಟ್ಟಿ ವಾಟ್ಸಾಪ್‌ನಲ್ಲಿ 'ಇದೆ', ಹಾಡು ಆ್ಯಪ್‌ನಲ್ಲಿ 'ಇದೆ'. ಅದು ಯಾವ ಫೋಲ್ಡರಿನಲ್ಲಿದೆ, ಆ್ಯಪ್ ತೆಗೆದುಹಾಕಿದರೆ ಉಳಿಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಬಳಕೆದಾರನ ಮುಂದೆ ಬರುವುದೇ ಇಲ್ಲ. ಅಮೆರಿಕದಲ್ಲಿ ಖಗೋಳ ವಿಜ್ಞಾನ ಕಲಿಸುವ ಒಬ್ಬ ಪ್ರಾಧ್ಯಾಪಕಿಗೆ 2017ರ ಸುಮಾರಿಗೆ ಇದು ಕಣ್ಣಿಗೆ ಬಿತ್ತು: ಸಿಮ್ಯುಲೇಷನ್ ಮಾಡಬಲ್ಲ ವಿದ್ಯಾರ್ಥಿಗಳಿಗೆ ತಮ್ಮ ಫೈಲ್ ಎಲ್ಲಿ ಸೇವ್ ಆಗಿದೆ ಎಂಬ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. 2021ರಲ್ಲಿ 'ದಿ ವರ್ಜ್' ಪತ್ರಿಕೆ ಈ ಕುರಿತು ದೊಡ್ಡ ವರದಿ ಮಾಡಿದಾಗ ಬೇರೆ ಬೇರೆ ವಿಷಯಗಳ ಅಧ್ಯಾಪಕರೂ ಅದೇ ಮಾತು ಹೇಳಿದರು. ನಮ್ಮಲ್ಲಿ ಈ ಕೊರತೆಗೆ ದುಡ್ಡಿನ ಬೆಲೆಯೂ ಇದೆ. ನೌಕರಿಯ ಅರ್ಜಿಯಲ್ಲಿ ಫೋಟೋ ಇಷ್ಟು ಕೆಬಿ ಒಳಗಿರಬೇಕು, ಸಹಿ ಜೆಪಿಜಿ ಆಗಿರಬೇಕು, ಪ್ರಮಾಣಪತ್ರ ಪಿಡಿಎಫ್ ಆಗಿರಬೇಕು ಎಂದಿರುತ್ತದೆ. ಪದವೀಧರರು ಸೈಬರ್ ಸೆಂಟರಿಗೆ ಹೋಗಿ ಹಣ ಕೊಟ್ಟು ಮಾಡಿಸಿಕೊಳ್ಳುತ್ತಾರೆ. ಆಧಾರ್ ಸ್ಕ್ಯಾನ್ ಅಲ್ಲಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದುಹೋಗುತ್ತದೆ. ಡಿಲೀಟ್ ಮಾಡಿ ಎಂದು ಹೇಳುವವರು ಕಡಿಮೆ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ ಎನ್ನುವವರು ಇನ್ನೂ ಕಡಿಮೆ.

ಕರ್ನಾಟಕದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಾಗ 'ಡಿಜಿಟಲ್ ಫ್ಲುಯೆನ್ಸಿ' ಎಂಬ ಕೌಶಲ ಪತ್ರಿಕೆ ಸೇರಿಕೊಂಡಿತು. ಉದ್ದೇಶ ಒಳ್ಳೆಯದೇ. ಆದರೆ ಅದರೊಳಗೆ ಇದ್ದದ್ದು ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್, ಐಒಟಿ, ಸೈಬರ್ ಸುರಕ್ಷತೆಗಳ ಹೊರನೋಟ. ಸ್ವಂತ ಪೆನ್ ಡ್ರೈವ್‌ನಲ್ಲಿ ಒಂದು ಫೋಲ್ಡರನ್ನು ಸರಿಯಾಗಿ ಜೋಡಿಸಿಡಲು ಬಾರದವರಿಗೆ ಬಿಗ್ ಡೇಟಾದ ಲಕ್ಷಣಗಳನ್ನು ಬಾಯಿಪಾಠ ಮಾಡಿಸುವುದು, ಕಕ್ಕುಲಾತಿಯಿಂದಲೇ ಆದರೂ, ಅಡಿಪಾಯವಿಲ್ಲದೆ ಮಹಡಿ ಕಟ್ಟಿದಂತೆ.

ಯಾವುದನ್ನು ಕಲಿಸಬೇಕು ಎಂದು ತೀರ್ಮಾನಿಸಲು ಯಾವುದು ಬದಲಾಗಿದೆ, ಯಾವುದು ಉಳಿದಿದೆ ಎಂದು ನೋಡಿದರೆ ಸಾಕು. ವಿಂಡೋಸ್‌ಗೆ ಸ್ಟಾರ್ಟ್ ಬಟನ್ ಬಂದದ್ದು 1995ರಲ್ಲಿ. 2012ರ ವಿಂಡೋಸ್ 8ರಲ್ಲಿ ಅದನ್ನು ಕಿತ್ತುಹಾಕಿದರು, ಜನ ಗೊಣಗಿದ ಮೇಲೆ ಮರುವರ್ಷ 8.1ರಲ್ಲಿ ಮರಳಿ ತಂದರು, 2021ರ ವಿಂಡೋಸ್ 11ರಲ್ಲಿ ಎಡಮೂಲೆಯಿಂದ ನಡುವಿಗೆ ಸರಿಸಿದರು. ಆಫೀಸ್ 2007ರಲ್ಲಿ ವರ್ಡ್‌ನ ಮೆನುಗಳೇ ಮಾಯವಾಗಿ ರಿಬ್ಬನ್ ಬಂತು. ಪ್ರತಿ ಬಾರಿಯೂ ಕಂಪ್ಯೂಟರ್ ಬೇಸಿಕ್ಸ್‌ನ ರೆಕಾರ್ಡ್ ಬುಕ್ಕುಗಳು ರದ್ದಿಯಾದವು. ಇತ್ತ ನೋಡಿ: ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಆರಂಭಿಸಿದ್ದು 1969ರಲ್ಲಿ, ಮೂಲೆಯಲ್ಲಿ ಬಿದ್ದಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರದ ಮೇಲೆ. ಫೋಲ್ಡರಿನಲ್ಲಿರುವುದನ್ನು ತೋರಿಸುವ 'ಎಲ್‌ಎಸ್', ನಕಲು ಮಾಡುವ 'ಸಿಪಿ', ಜಾಗ ಬದಲಿಸುವ 'ಎಂವಿ', ಅಳಿಸುವ 'ಆರ್‌ಎಂ', ಹಕ್ಕು ಬದಲಿಸುವ 'ಸಿಎಚ್-ಮಾಡ್' ಇವೆಲ್ಲ 1970ರ ದಶಕದ ಆರಂಭದಲ್ಲೇ ಇದ್ದವು, ಯುನಿಕ್ಸ್ ಮಾದರಿಯಲ್ಲೇ ಕಟ್ಟಿದ ಲಿನಕ್ಸ್‌ನಲ್ಲಿ ಇವತ್ತೂ ಅದೇ ಕೆಲಸ ಮಾಡುತ್ತವೆ. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಲಿನಕ್ಸ್ ಬಿಟ್ಟು ಬೇರೊಂದು ಇಲ್ಲ. ವಿದ್ಯಾರ್ಥಿಯ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸ್ ಕರ್ನೆಲ್ಲೇ. ಐವತ್ತು ವರ್ಷ ಬಾಳಿದ ವಸ್ತುವನ್ನು ಕಲಿಸಲು ಒಂದು ಸೆಮಿಸ್ಟರ್ ಕೊಡುವುದು ದುಬಾರಿಯಲ್ಲ.

ಕಲಿತರೆ ಸಿಗುವುದೇನು ಎಂಬುದಕ್ಕೆ ಹಕ್ಕುಗಳ ಪಾಠವನ್ನೇ ತೆಗೆದುಕೊಳ್ಳಬಹುದು. ಯುನಿಕ್ಸ್ ಲೆಕ್ಕದಲ್ಲಿ ಓದುವ ಹಕ್ಕಿಗೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1. ಮಾಲೀಕ, ಗುಂಪು, ಉಳಿದವರು ಎಂದು ಮೂರು ಬಗೆಯ ಜನ. ಒಂದು ಫೈಲಿಗೆ 640 ಎಂದು ಕೊಟ್ಟರೆ ಮಾಲೀಕ ಓದಿ ಬರೆಯಬಹುದು, ಗುಂಪಿನವರು ಓದಬಹುದು ಅಷ್ಟೇ, ಉಳಿದವರಿಗೆ ಬಾಗಿಲು ಮುಚ್ಚಿದೆ. ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಬಂದವರಿಗೂ ಅರ್ಧ ಗಂಟೆಯಲ್ಲಿ ತಿಳಿಯುವ ಕೂಡುಲೆಕ್ಕ ಇದು. ಆದರೆ ಇದು ತಿಳಿದವರ ಕಣ್ಣು ಬೇರೆಯಾಗುತ್ತದೆ. ಗೂಗಲ್ ಡ್ರೈವ್‌ನಲ್ಲಿ 'ಲಿಂಕ್ ಇದ್ದವರೆಲ್ಲ' ಎಂಬ ಆಯ್ಕೆ ಕಂಡಾಗ ಅದು ಮೂರನೆಯ ಗುಂಪಿಗೆ ಬಾಗಿಲು ತೆರೆದಂತೆ ಎಂದು ಅವರಿಗೆ ಹೊಳೆಯುತ್ತದೆ. ಟಾರ್ಚ್ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿದರೆ ಯಾಕೆ ಎಂದು ನಿಲ್ಲಿಸಿ ಕೇಳುತ್ತಾರೆ. ಸೈಬರ್ ಸುರಕ್ಷತೆಯ ಬಗ್ಗೆ ಹತ್ತು ಸ್ಲೈಡ್ ತೋರಿಸಿದರೂ ಬಾರದ ಎಚ್ಚರ ಮೂರಂಕಿಯ ಒಂದು ಸಂಖ್ಯೆಯಿಂದ ಬರುತ್ತದೆ.

ಇನ್ನೂ ಸೊಗಸಾದದ್ದು ಪೈಪ್. ಒಂದು ಪ್ರೋಗ್ರಾಮಿನ ಉತ್ತರವನ್ನು ನೇರವಾಗಿ ಇನ್ನೊಂದಕ್ಕೆ ಹರಿಸುವ ಈ ಉಪಾಯವನ್ನು ಅದೇ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ 1964ರಿಂದ ಹೇಳುತ್ತ ಬಂದಿದ್ದರು. ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ಸೇರಿಸಿದ್ದು 1973ರಲ್ಲಿ. 1986ರಲ್ಲಿ ನಡೆದ ಒಂದು ಪ್ರಸಂಗ ಈ ಪಾಠದ ಪರವಾಗಿ ಎಲ್ಲಕ್ಕಿಂತ ಚೆನ್ನಾಗಿ ವಾದಿಸುತ್ತದೆ. ಒಂದು ಪಠ್ಯದಲ್ಲಿ ಹೆಚ್ಚು ಬಾರಿ ಬಂದ ಪದಗಳನ್ನು ಎಣಿಸಿ ಪಟ್ಟಿ ಮಾಡುವ ಪ್ರೋಗ್ರಾಂ ಬರೆದುಕೊಡಿ ಎಂದು ಅಂಕಣಕಾರ ಜಾನ್ ಬೆಂಟ್ಲಿ ಕೇಳಿದಾಗ, ಅಲ್ಗಾರಿದಂ ಲೋಕದ ದಿಗ್ಗಜ ಡೊನಾಲ್ಡ್ ಕ್ನೂತ್ ಹಲವು ಪುಟಗಳ, ಹೊಸ ದತ್ತರಚನೆಯನ್ನೇ ಕಟ್ಟಿದ ಸುಂದರ ಪ್ರೋಗ್ರಾಂ ಬರೆದರು. ವಿಮರ್ಶೆಗೆ ಕೂತ ಮೆಕಿಲ್‌ರಾಯ್ ಅದನ್ನು ಹೊಗಳಿ, ಅದೇ ಕೆಲಸವನ್ನು ಆರು ಕಮಾಂಡುಗಳನ್ನು ಪೈಪಿನಿಂದ ಪೋಣಿಸಿ ಮಾಡಿ ತೋರಿಸಿದರು. ಕ್ನೂತ್ ಅವರಷ್ಟು ಬುದ್ಧಿ ಎಲ್ಲರಿಗೂ ಬರಲಾರದು, ಆದರೆ ಆ ಆರು ಕಮಾಂಡು ಬಿ.ಎ. ವಿದ್ಯಾರ್ಥಿನಿಗೂ ಬರಬಹುದು. ಅರ್ಥಶಾಸ್ತ್ರ ಓದುವವಳಿಗೆ ಮಾರುಕಟ್ಟೆ ದರದ ಸಾವಿರ ಸಾಲಿನ ಪಟ್ಟಿಯಿಂದ ತನ್ನ ತಾಲ್ಲೂಕಿನದನ್ನು ಆರಿಸಿ, ವಿಂಗಡಿಸಿ, ಎಣಿಸಲು 'ಗ್ರೆಪ್', 'ಸಾರ್ಟ್', 'ಯೂನಿಕ್' ಎಂಬ ಮೂರು ಸಾಕು. ಒಂದು ಸಾಲು ಪ್ರೋಗ್ರಾಮನ್ನೂ ಬರೆಯಬೇಕಿಲ್ಲ.

ಒಂದು ತಮಾಷೆಯೆಂದರೆ, ಮೆಕಿಲ್‌ರಾಯ್ ಅವರ ಆ ಆರು ಕಮಾಂಡಿಗೆ ಕನ್ನಡ ಪಠ್ಯ ಉಣಿಸಿದರೆ ಬರುವ ಪಟ್ಟಿಯಲ್ಲಿ ಕನ್ನಡವೇ ಇರುವುದಿಲ್ಲ. ಮೊದಲ ಕಮಾಂಡು ಇಂಗ್ಲಿಷಿನ ಎ-ಯಿಂದ ಝೆಡ್‌ವರೆಗಿನದನ್ನು ಮಾತ್ರ ಅಕ್ಷರ ಎಂದು ಬಗೆದು ಉಳಿದದ್ದನ್ನು ಕಸವೆಂದು ಗುಡಿಸುತ್ತದೆ. ಇದನ್ನು ಕೊರತೆ ಎಂದು ಬದಿಗಿಡಬಾರದು, ಒಂದು ತರಗತಿಯ ವಸ್ತುವನ್ನಾಗಿ ಮಾಡಬೇಕು. ಕಂಪ್ಯೂಟರಿನಲ್ಲಿ ಅಕ್ಷರ ಎಂದರೇನು ಎಂಬುದನ್ನು ಕನ್ನಡಿಗರಷ್ಟು ಕಷ್ಟಪಟ್ಟು ಅನುಭವಿಸಿದವರು ಕಡಿಮೆ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫೈಲುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ನುಡಿಯ ಕಡತ ತೆರೆದರೆ 'ಕನ್ನಡ' ಎಂಬ ಪದದ ನಟ್ಟನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಬಂದು ನಿಲ್ಲುತ್ತದೆ. ಫೈಲ್ ಕೆಟ್ಟಿದೆ, ವೈರಸ್ ಬಂದಿದೆ ಎಂದುಕೊಂಡವರೆಷ್ಟೋ. ಫೈಲ್ ಕೆಟ್ಟಿಲ್ಲ, ಓದುವ ಕೀಲಿ ಬೇರೆ. ಯೂನಿಕೋಡ್ ಬಂದ ಮೇಲೆ ಕನ್ನಡದ ಪ್ರತಿ ಚಿಹ್ನೆಗೂ ಸ್ವಂತ ಸ್ಥಾನ ಸಿಕ್ಕಿತು. ಅದನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯನ್ನು 1992ರಲ್ಲಿ ಸಹೋದ್ಯೋಗಿ ರಾಬ್ ಪೈಕ್ ಜೊತೆ ಕೂತು, ನ್ಯೂಜೆರ್ಸಿಯ ಒಂದು ಹೋಟೆಲಿನ ಊಟದ ಮೇಜಿನ ಮೇಲೆ ರೂಪಿಸಿದವರು ಅದೇ ಕೆನ್ ಥಾಂಪ್ಸನ್. 'ಕನ್ನಡ' ಎಂದು ಬರೆದು 'ಡಬ್ಲ್ಯೂಸಿ' ಎಂಬ ಎಣಿಸುವ ಕಮಾಂಡಿಗೆ ಕೊಟ್ಟರೆ ಅದು 5 ಚಿಹ್ನೆ, 15 ಬೈಟು ಎನ್ನುತ್ತದೆ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಮೂರು, ಐದು, ಹದಿನೈದು ಈ ಮೂರೂ ಹೇಗೆ ಸರಿ ಎಂದು ವಿವರಿಸಬಲ್ಲ ವಿದ್ಯಾರ್ಥಿಗೆ ನಾನಾದರೆ ವೈವಾದಲ್ಲಿ ಬೇರೆ ಪ್ರಶ್ನೆ ಕೇಳುವುದಿಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯದು ನೌಕರಿಯದು: ಕಚೇರಿಗಳಲ್ಲಿ ಇರುವುದು ವಿಂಡೋಸ್, ವರ್ಡ್, ಎಕ್ಸೆಲ್, ಲಿನಕ್ಸ್ ಕಲಿತು ಏನು ಮಾಡುವುದು? ಮಾತು ನಿಜ, ಅದನ್ನು ತಳ್ಳಿಹಾಕಲಾಗದು. ತಾಲ್ಲೂಕು ಕಚೇರಿಯ ಕಂಪ್ಯೂಟರ್ ಆಪರೇಟರ್ ಟರ್ಮಿನಲ್ ತೆರೆಯುವ ಸಂದರ್ಭ ಬಾರದೇ ಇರಬಹುದು. ಆದರೆ ಎಕ್ಸೆಲ್ ಬೇಡವೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಎಕ್ಸೆಲ್ ಕಲಿಸಲು ಊರಿಗೆರಡು ಖಾಸಗಿ ಕೋಚಿಂಗ್ ಇವೆ, ಮೂರು ತಿಂಗಳಲ್ಲಿ ಕಲಿಸಿ ಸರ್ಟಿಫಿಕೇಟ್ ಕೊಡುತ್ತವೆ. ಕಾಲೇಜು ಅದನ್ನೇ ಇನ್ನಷ್ಟು ನಿಧಾನವಾಗಿ ಮಾಡುವುದರಲ್ಲಿ ಅರ್ಥವಿಲ್ಲ. ಅದೂ ಅಲ್ಲದೆ ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಹಟಕ್ಕೆ ಈಗ ಆಧಾರವೂ ಉಳಿದಿಲ್ಲ. ಮೈಕ್ರೋಸಾಫ್ಟ್ 2016ರಲ್ಲಿ ವಿಂಡೋಸ್ ಒಳಗೇ ಲಿನಕ್ಸ್ ಟರ್ಮಿನಲ್ ಓಡಿಸುವ ವ್ಯವಸ್ಥೆ ತಂದಿತು. ಮೇಲೆ ವರ್ಡ್, ಕೆಳಗೆ 'ಗ್ರೆಪ್' ಒಂದೇ ಪರದೆಯಲ್ಲಿ ಇರಬಹುದು. ಫೈಲು, ದಾರಿ, ಹಕ್ಕು, ಪ್ರೊಸೆಸ್ ಎರಡೂ ಕಡೆ ಇವೆ. ಲಿನಕ್ಸ್‌ನಲ್ಲಿ ಅವು ಬರಿಗಣ್ಣಿಗೆ ಕಾಣುತ್ತವೆ, ವಿಂಡೋಸ್‌ನಲ್ಲಿ ಮೂರು ಕಿಟಕಿಗಳ ಹಿಂದೆ ಇರುತ್ತವೆ.

ಎರಡನೆಯ ಆಕ್ಷೇಪ ಮೇಲಿನಿಂದ ಬರುತ್ತದೆ. ಬಳಕೆ ಕಲಿಸುವುದು ಐಟಿಐ ಕೆಲಸ, ವಿಶ್ವವಿದ್ಯಾಲಯ ಕಲಿಸಬೇಕಾದದ್ದು ತತ್ವ ಎನ್ನುವವರದು. ಇವರು ಆಪರೇಟಿಂಗ್ ಸಿಸ್ಟಂ ತರಗತಿಗಳ ಚರಿತ್ರೆಯನ್ನೇ ಮರೆತಿದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ 1970ರ ದಶಕದ ನಡುವಿನಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಓಡುತ್ತಿರುವ ಯುನಿಕ್ಸನ್ನೇ ಪಠ್ಯವಾಗಿಟ್ಟು, ಅದರ ಸೋರ್ಸ್ ಕೋಡನ್ನು ಸಾಲು ಸಾಲಾಗಿ ಓದಿಸಲು ಟಿಪ್ಪಣಿ ಬರೆದರು. ಯುನಿಕ್ಸ್‌ನ ಒಡೆಯ ಎಟಿ ಅಂಡ್ ಟಿ ಕಂಪನಿ ಅದರ ಏಳನೇ ಆವೃತ್ತಿಯ ಲೈಸೆನ್ಸಿನಲ್ಲಿ ಸೋರ್ಸ್ ಕೋಡನ್ನು ತರಗತಿಯಲ್ಲಿ ಬಳಸದಂತೆ ತಡೆದ ಮೇಲೆ ಆ ಟಿಪ್ಪಣಿ ಜೆರಾಕ್ಸ್ ಪ್ರತಿಗಳಲ್ಲೇ ಜಗತ್ತು ಸುತ್ತಿತು; ಪುಸ್ತಕವಾಗಿ ಬಹಿರಂಗವಾಗಿ ಬಂದದ್ದು 1996ರಲ್ಲಿ. ಅದೇ ತಡೆಯಿಂದ ಬೇಸತ್ತ ಪ್ರಾಧ್ಯಾಪಕ ಆಂಡ್ರ್ಯೂ ಟ್ಯಾನನ್‌ಬಾಮ್, ಪಾಠಕ್ಕೆಂದೇ ಮಿನಿಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಬರೆದು 1987ರಲ್ಲಿ ಪುಸ್ತಕದ ಜೊತೆ ಕೊಟ್ಟರು. ಆ ಪುಸ್ತಕ ಓದಿದ ಹೆಲ್ಸಿಂಕಿ ವಿಶ್ವವಿದ್ಯಾಲಯದ ಲಿನಸ್ ಟೊರ್ವಾಲ್ಡ್ಸ್ 1990ರಲ್ಲಿ ಸಿ ಮತ್ತು ಯುನಿಕ್ಸ್ ಕೋರ್ಸಿಗೆ ಸೇರಿದ. 1991ರ ಆಗಸ್ಟ್ ಹೊತ್ತಿಗೆ ಮನೆಯ 386 ಯಂತ್ರದಲ್ಲಿ ತನ್ನದೇ ಒಂದನ್ನು ಬರೆಯುತ್ತಿದ್ದೇನೆ ಎಂದು ಸಾರಿದ. ಅದೇ ಲಿನಕ್ಸ್. ತತ್ವದ ಪಾಠಕ್ಕೂ ಬಳಕೆಯ ಪಾಠಕ್ಕೂ ನಡುವೆ ಗೋಡೆ ಇದ್ದಿದ್ದರೆ ಈ ಸರಪಳಿಯ ಒಂದು ಕೊಂಡಿಯೂ ಕೂಡುತ್ತಿರಲಿಲ್ಲ. ಎಲ್ಲರೂ ಟೊರ್ವಾಲ್ಡ್ಸ್ ಆಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಗ್ಯಾಂಟ್ ಚಾರ್ಟ್ ಮಾತ್ರ ಬರೆದವರು ಯಾರೂ ಆಗುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಗಟ್ಟಿ ಎನಿಸುವ ಆಕ್ಷೇಪ: ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಚಿತ್ರ ನೋಡಿ ಒತ್ತುವುದು ಸುಲಭ, ಕಮಾಂಡು ಟೈಪ್ ಮಾಡುವುದೆಂದರೆ ಇಂಗ್ಲಿಷಿನ ಇನ್ನೊಂದು ಬೇಲಿ. ಒಪ್ಪಬೇಕಾದದ್ದು ಇದರಲ್ಲಿದೆ. 'ಮ್ಯಾನ್' ಎಂದು ಕೇಳಿದರೆ ತೆರೆಯುವ ಕೈಪಿಡಿ ಪುಟಗಳು ಇಂಗ್ಲಿಷಿನಲ್ಲಿವೆ, ಅದೂ ಇಂಗ್ಲಿಷ್ ಬಲ್ಲವರಿಗೂ ಗಂಟಲಲ್ಲಿ ಇಳಿಯದ ಇಂಗ್ಲಿಷ್. ತಪ್ಪಾದಾಗ ಬರುವ ಸಂದೇಶಗಳೂ ಹಾಗೆಯೇ. ಕನ್ನಡದಲ್ಲಿ ಒಂದು ಒಳ್ಳೆಯ ಕೈಪಿಡಿ ಬರೆಯದೆ ಈ ಕೋರ್ಸ್ ಆರಂಭಿಸಿದರೆ ಆಕ್ಷೇಪವೇ ಗೆಲ್ಲುತ್ತದೆ. ಆದರೆ ಕಮಾಂಡುಗಳ ವಿಚಾರ ಬೇರೆ. 'ಎಲ್‌ಎಸ್', 'ಸಿಡಿ', 'ಗ್ರೆಪ್' ಲಂಡನ್ನಿನ ಹುಡುಗನಿಗೂ ಅಷ್ಟೇ ಅಪರಿಚಿತ. ಅಲ್ಲಿ ನಮ್ಮ ಇಂಡಿ ತಾಲ್ಲೂಕಿನ ಹುಡುಗಿ ಅವನಿಗಿಂತ ಒಂದು ಹೆಜ್ಜೆಯೂ ಹಿಂದಿಲ್ಲ. ಮೂವತ್ತು ಕಮಾಂಡು ಕಲಿತರೆ ಸೆಮಿಸ್ಟರ್ ಮುಗಿಯುತ್ತದೆ. ಮೆನುಗಳಲ್ಲಾದರೆ ನೂರಾರು ಇಂಗ್ಲಿಷ್ ಪದಗಳನ್ನು ಓದಿ ಆರಿಸಬೇಕು, ಮುಂದಿನ ಆವೃತ್ತಿಯಲ್ಲಿ ಅವು ಜಾಗ ಬದಲಿಸಿರುತ್ತವೆ. ಫೈಲಿನ ಹೆಸರು, ಫೋಲ್ಡರಿನ ಹೆಸರು, ಒಳಗಿನ ಬರಹ ಎಲ್ಲವೂ ಕನ್ನಡದಲ್ಲಿರಲು ಲಿನಕ್ಸ್‌ಗೆ ಯಾವ ತಕರಾರೂ ಇಲ್ಲ.

ಕೃತಕ ಬುದ್ಧಿಮತ್ತೆಗೆ ಹೇಳಿದರೆ ಕಮಾಂಡನ್ನು ಅದೇ ಬರೆದುಕೊಡುತ್ತದಲ್ಲ ಎಂಬುದು ಈಚಿನ ಆಕ್ಷೇಪ. ಬರೆದುಕೊಡುತ್ತದೆ, ಬಹಳ ಸಲ ಸರಿಯಾಗಿಯೇ. ಫೈಲ್ ತೆರೆಯುತ್ತಿಲ್ಲ ಎಂದರೆ 'ಸಿಎಚ್-ಮಾಡ್ 777' ಕೊಡಿ ಎಂದೂ ಹೇಳಬಹುದು, ಫೈಲ್ ತೆರೆಯುತ್ತದೆ ಕೂಡ. ಏಳು ಎಂದರೆ ನಾಲ್ಕು, ಎರಡು, ಒಂದು ಮೂರೂ ಕೂಡಿದ್ದು. ಮೂರು ಏಳು ಎಂದರೆ ಆ ಯಂತ್ರಕ್ಕೆ ಬರುವ ಯಾರು ಬೇಕಾದರೂ ಅದನ್ನು ತಿದ್ದಬಹುದು ಎಂದು ತಿಳಿಯದವರು ಸಲಹೆಗೆ ಥ್ಯಾಂಕ್ಸ್ ಹೇಳಿ ಮುಂದೆ ಹೋಗುತ್ತಾರೆ. 'ಆರ್‌ಎಂ'ನಿಂದ ಅಳಿಸಿದ್ದು ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ ಎಂಬುದನ್ನೂ ಯಾರೋ ಮೊದಲೇ ಹೇಳಿರಬೇಕು. ಬರೆದುಕೊಡುವವರು ಸುಲಭವಾಗಿ ಸಿಗುವ ಕಾಲದಲ್ಲಿ ಓದಿ ತೂಗುವವರ ಅಗತ್ಯ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಉಳಿದದ್ದು ಅಧ್ಯಾಪಕರು ಮತ್ತು ಯಂತ್ರ. ಕಲಿಸಲು ಬಲ್ಲವರಿಲ್ಲ ಎನ್ನುತ್ತಾರೆ. ಹೆಲ್ಸಿಂಕಿಯ ಆ ಕೋರ್ಸಿನ ಅಧ್ಯಾಪಕರೂ ಯುನಿಕ್ಸ್‌ಗೆ ಹೊಸಬರೇ. ಅದನ್ನು ಮೊದಲೇ ಹೇಳಿಕೊಂಡು, ತರಗತಿಗಿಂತ ಒಂದು ಅಧ್ಯಾಯ ಮುಂದೆ ಓದಿಕೊಂಡು ಬರುತ್ತಿದ್ದರೆಂದು ಟೊರ್ವಾಲ್ಡ್ಸ್ ಬರೆದುಕೊಂಡಿದ್ದಾರೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳೇ ಎರಡು ದಶಕದ ಹಿಂದೆ ಲಿನಕ್ಸ್‌ಗೆ ಹೊರಳಿದವು. ಅಲ್ಲಿ ಮಲಯಾಳಂ ಕಲಿಸುವವರು, ಗಣಿತ ಕಲಿಸುವವರು ತರಬೇತಿ ಪಡೆದು ಕಲಿಸಿದರು, ಎಸ್ಸೆಸ್ಸೆಲ್ಸಿ ಐಟಿ ಪರೀಕ್ಷೆಯನ್ನು ಮಕ್ಕಳು ಅದರಲ್ಲೇ ಬರೆಯುತ್ತಾರೆ. ಶಾಲೆಗೆ ಆದದ್ದು ಕಾಲೇಜಿಗೆ ಆಗದು ಎನ್ನಲು ಕಾರಣ ಬೇಕು. ಯಂತ್ರಗಳ ವಿಚಾರದಲ್ಲಂತೂ ಕಾಲವೇ ಒತ್ತಾಯ ಮಾಡುತ್ತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ಪು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದರಾಚೆಯ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯ ಯಂತ್ರಗಳಿರುವ ಲ್ಯಾಬ್‌ಗಳು ಹೊಸದಕ್ಕೆ ಟೆಂಡರ್ ಕರೆಯಬೇಕು ಅಥವಾ ಸುರಕ್ಷತೆಯ ಮಾಮೂಲಿ ಅಪ್‌ಡೇಟ್ ಇಲ್ಲದೆ ನಡೆಸಬೇಕು. ನಾಲ್ಕು ಜಿಬಿ ರ‍್ಯಾಮ್ ಇರುವ ಆ ಯಂತ್ರಗಳಲ್ಲಿ ಲಿನಕ್ಸ್‌ನ ಹಗುರ ಆವೃತ್ತಿಗಳು ಲೈಸೆನ್ಸ್ ಶುಲ್ಕವಿಲ್ಲದೆ ಆರಾಮವಾಗಿ ಓಡುತ್ತವೆ. ಇದ್ದದ್ದನ್ನು ಅಳಿಸಲು ಪ್ರಾಂಶುಪಾಲರು ಹಿಂಜರಿದರೆ ಪೆನ್ ಡ್ರೈವ್‌ನಿಂದಲೇ ಬೂಟ್ ಮಾಡಿ ಸೆಮಿಸ್ಟರ್ ಮುಗಿಸಬಹುದು. ಆಗ ಪ್ರತಿ ವಿದ್ಯಾರ್ಥಿಯ ಕೆಲಸವೂ ಅವರವರ ಪೆನ್ ಡ್ರೈವ್‌ನಲ್ಲೇ ಉಳಿಯುವಂತೆ ಮಾಡಬಹುದು. ಪರೀಕ್ಷೆಯ ದಿನ ರೆಕಾರ್ಡ್ ಬುಕ್ ಬದಲು ಅದನ್ನೇ ತರಲು ಹೇಳಿ, ಒಳಗೆ ಎಲ್ಲೋ ಹುದುಗಿರುವ, ಹಕ್ಕು ತಪ್ಪಾಗಿ ಹಾಕಿರುವ, ಹಳೆಯ ನುಡಿಯಲ್ಲಿ ಬರೆದ ಒಂದು ಫೈಲನ್ನು ಹುಡುಕಿ ತೆರೆದು ಓದಿಸಲು ಮೂರು ಗಂಟೆ ಕೊಟ್ಟರಾಯಿತು.